ಮುರಾರಿಯ ಸ್ವಂತ ಕೈಬರಹ

ಡೊಂಬಿವಲಿ ಪೂರ್ವ
9 ಜೂನ್ 2024

ಮುಕ್ತಕ್ಕನಿಗೆ ತಮ್ಮ ಮುರಾರಿಯ ನಮಸ್ಕಾರ.

ನೀನು ಬಸ್ಸಿಗೆ ಹಾಕಿದ ಡಬ್ಬ ನಿನ್ನೆ ಬೆಳಿಗ್ಗೆ ಕಲ್ಯಾಣದಲ್ಲಿ ಇಳಿಯಿತು. ನಮ್ಮ ಹೋಟೆಲಿನ ಕ್ಯಾಷಿಯರ್ ರೇವಣಸಿದ್ದ ಹೋಗಿ ತಂದ. ಮುಚ್ಚಳ ತೆಗೆದದ್ದೇ ತಡ, ನಿನ್ನ ಸಾಂಬಾರು ಪುಡಿಯ ಪರಿಮಳ ಫುಟ್‌ಪಾತ್‌ವರೆಗೆ ಹೋಯಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಒಳಗೆ ತಲೆ ಹಾಕಿ, "ಆಜ್ ಕ್ಯಾ ಸ್ಪೆಷಲ್ ಹೈ, ಶೇಟ್?" ಎಂದು ಕೇಳಿದ. "ಸ್ಪೆಷಲ್ ಏನಿಲ್ಲ, ನನ್ನ ಅಕ್ಕ" ಎಂದೆ. ಅವನಿಗೆ ಏನು ಅರ್ಥವಾಯಿತೋ, ಕೂತು ಎರಡು ಪ್ಲೇಟು ವಡೆ ತಿಂದು ಹೋದ.

ಈ ಕಾಲದಲ್ಲಿ ಕಾಗದ ಬರೆಯುವುದು ಎಂಥದ್ದು ಎಂದು ನಿಶಾ ನಗುತ್ತಾಳೆ. ನಿನಗೆ ಫೋನಿನಲ್ಲಿ ಕೇಳಿಸುವುದಿಲ್ಲ. ನಾನು ಗಲ್ಲಾದಲ್ಲಿ ಕೂತು ಕಿರುಚಿದರೆ ಜಗಳವಾಗುತ್ತಿದೆ ಎಂದು ಗಿರಾಕಿಗಳು ಕೈ ತೊಳೆಯದೆ ಎದ್ದು ನಿಲ್ಲುತ್ತಾರೆ. ಡಬ್ಬ ತುಂಬಿ ಬರುವಾಗ ನಿನ್ನ ಕಾಗದ, ಖಾಲಿಯಾಗಿ ಹೋಗುವಾಗ ನನ್ನ ಕಾಗದ. ಇದಕ್ಕಿಂತ ಸುಖ ಇನ್ನೇನುಂಟು? ಅಂದ ಹಾಗೆ ನಿಶಾಳಿಗೆ ಐರೋಲಿಯ ಆಫೀಸಿನಲ್ಲಿ ಬಡ್ತಿಯಾಯಿತು. "ಅತ್ತೆ ಕೋ ನಮಸ್ಕಾರ್ ಬೋಲ್ನಾ" ಎಂದಿದ್ದಾಳೆ. ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

ಈ ಜುಲೈಗೆ ಹೋಟೆಲಿಗೆ ಮೂವತ್ತೊಂದು ವರ್ಷ. ನಮ್ಮಲ್ಲಿ ತಿಂದು ಹೊಟ್ಟೆ ಕೆಟ್ಟಿತು ಎಂದವನು ಇವತ್ತಿನವರೆಗೆ ಒಬ್ಬನಿಲ್ಲ. ಈ ಮಾತನ್ನು ನಾನು ಯಾರ ಮುಂದೆಯೂ ಎದೆ ತಟ್ಟಿ ಹೇಳುತ್ತೇನೆ. ಬೇರೆಯವರು ಹಾಲಿಗೆ ಮೀಟರು ಅದ್ದಿ ನೋಡುತ್ತಾರೆ. ನನಗೆ ನಾಲಿಗೆ ಸಾಕು. ಎಮ್ಮೆ ತಬೇಲೆಯ ಹಾಲಿನ ಭಯ್ಯಾ ಕ್ಯಾನ್ ಇಳಿಸಿದ ಕೂಡಲೇ ಒಂದು ಚಮಚ ಹಸಿ ಹಾಲು ಬಾಯಿಗೆ ಬಿಡುತ್ತೇನೆ. ನೀರು ಬೆರೆಸಿದ್ದರೆ ಅವನ ಮುಖ ನೋಡುವ ಮೊದಲೇ ನನಗೆ ಗೊತ್ತಾಗುತ್ತದೆ.

ಈ ವಾರ ಎರಡು ದಿನ ಹೋಟೆಲಿಗೆ ಹೋಗಲಿಲ್ಲ. ಗಾಬರಿ ಬೇಡ, ಸುಮ್ಮನೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಂಡೆ.

ಇತಿ ನಿನ್ನ ತಮ್ಮ
ಮುರಾರಿ


ಬ್ರಹ್ಮಾವರ
18 ಜೂನ್ 2024

ಮುರಾರಿಗೆ ಅಕ್ಕನ ಆಶೀರ್ವಾದ.

ನೀನು ವಿಶ್ರಾಂತಿ ತೆಗೆದುಕೊಂಡೆಯಾ? ಮದುವೆಯ ದಿನ ಮಧ್ಯಾಹ್ನವೇ ಬಾಸಿಂಗ ಬಿಚ್ಚಿಟ್ಟು ಗಲ್ಲಾದಲ್ಲಿ ಹೋಗಿ ಕೂತವನು ನೀನು! ಸುಳ್ಳು ಹೇಳುವುದಾದರೆ ಸ್ವಲ್ಪ ಅಭ್ಯಾಸ ಮಾಡಿಕೊಂಡು ಹೇಳು ಮಾರಾಯ. ಏನಾಗಿತ್ತು, ಸರಿಯಾಗಿ ಬರೆ.

ಹಾಲಿನ ನಾಲಿಗೆಯ ಜಂಬ ಬೇರೆ ಕೊಚ್ಚಿಕೊಂಡಿದ್ದಿ. ಕಲಿಸಿದ್ದು ಯಾರು? ಅಪ್ಪಯ್ಯ ಹಾಸಿಗೆ ಹಿಡಿದಾಗ ಬಸ್‌ಸ್ಟ್ಯಾಂಡಿನ ಹೋಟೆಲು ನಡೆಸಿದವಳು ನಾನು. ನನಗೆ ಹದಿನೇಳು, ನಿನಗೆ ಎಂಟು. ನಿನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಂದು ಚಮಚ ನೀರು ಬೆರೆಸಿದ ಹಾಲು, ಒಂದು ಚಮಚ ಬೆರೆಸದ ಹಾಲು ಕುಡಿಸಿದ್ದೇನೆ. ಮೂರೇ ದಿನಕ್ಕೆ ಕಲಿತೆ. ಬುದ್ಧಿವಂತ ಎಂದು ಆಗಲೇ ಗೊತ್ತಿತ್ತು, ಆದರೆ ಹೇಳಲಿಲ್ಲ. ಹೇಳಿದ್ದರೆ ನಿನ್ನ ತಲೆ ಆ ಮನೆಯ ಬಾಗಿಲಿನಲ್ಲಿ ಹಿಡಿಸುತ್ತಿರಲಿಲ್ಲ.

ಇಲ್ಲಿ ಮಳೆಗೆ ಮೆಣಸು ಒಣಗುವುದಿಲ್ಲ. ಕೆಲಸದ ನಾಲ್ವರು ಹೆಂಗಸರೂ ಒಲೆಯ ಮುಂದೆ ಕೂತು ಸೀನುತ್ತಿದ್ದಾರೆ. ಅಟ್ಟದ ಮೇಲೆ ಹರಡಿ, ಕೆಂಡದ ಕಾವು ಕೊಟ್ಟು, ನಿನ್ನ ಪಾಲಿನ ಪುಡಿ ಮೊದಲು ಮಾಡಿಸಿದ್ದೇನೆ. ಪುಣೆಯ ಗಿರಾಕಿಗಳದ್ದು ಆಮೇಲೆ.

ಮುಕ್ತಾ


ಡೊಂಬಿವಲಿ ಪೂರ್ವ
6 ಜುಲೈ 2024

ಪೂಜ್ಯ ಸಹೋದರಿ ಶ್ರೀಮತಿ ಮುಕ್ತಾ ಇವರ ಸನ್ನಿಧಾನಕ್ಕೆ,

ವಿನಂತಿಪೂರ್ವಕವಾಗಿ ತಿಳಿಸುವುದೇನೆಂದರೆ, ಕೆಲಸದ ಒತ್ತಡದ ಪ್ರಯುಕ್ತ ಈ ಪತ್ರವನ್ನು ಕ್ಯಾಷಿಯರ್ ರೇವಣಸಿದ್ದ ಇವರ ಹಸ್ತದಿಂದ ಬರೆಸಲಾಗುತ್ತಿದೆ. ತಾವು ಕಳುಹಿಸಿದ ಡಬ್ಬ ತಲುಪಿರುತ್ತದೆ. ಪುಡಿ ಉತ್ತಮವಾಗಿರುತ್ತದೆ. ಇಲ್ಲಿ ಎಲ್ಲರೂ ಸೌಖ್ಯ. ಐರೋಲಿಯಲ್ಲಿ ಸೇತುವೆಯ ಬಳಿ ಒಂದು ಜಾಗ ನೋಡಲಾಗಿದ್ದು, ಎರಡನೆಯ ಹೋಟೆಲು ತೆರೆಯುವ ವಿಚಾರವಿರುತ್ತದೆ. ಈ ಕಾರಣ ಪುರುಸೊತ್ತು ಇರುವುದಿಲ್ಲ.

ಇತಿ ತಮ್ಮ ವಿಶ್ವಾಸಿ
ಮುರಾರಿ (ಪರವಾಗಿ ರೇವಣಸಿದ್ದ)


ಬ್ರಹ್ಮಾವರ
11 ಜುಲೈ 2024

ಶ್ರೀಮಾನ್ ಮುರಾರಿ ಶೇಟರಿಗೆ,

ಓಹೋ! ಅಕ್ಕನಿಗೆ ನಾಲ್ಕು ಸಾಲು ಬರೆಯಲು ಗುಮಾಸ್ತನನ್ನು ಇಟ್ಟುಕೊಳ್ಳುವಷ್ಟು ದೊಡ್ಡವರಾದಿರಿ. ಸಂತೋಷ. "ಪರವಾಗಿ" ಅಂತೆ! ನಾಳೆ ನಾನು ಸತ್ತರೆ ಬಾಯಿಗೆ ನೀರು ಬಿಡುವುದಕ್ಕೂ ಪರವಾಗಿ ಯಾರನ್ನಾದರೂ ಕಳಿಸು.

ನಿನಗೆ ಅಆಇಈ ತಿದ್ದಿಸಿದ್ದು ನಾನು. ಎರಡನೆಯ ಹೋಟೆಲಲ್ಲ, ಹತ್ತು ಹೋಟೆಲು ಮಾಡು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೇಳಿಕೋ. ನಿನ್ನ ಸ್ವಂತ ಕೈಯಲ್ಲಿ ಬರೆದ ಕಾಗದ ಬರುವವರೆಗೆ ಇಲ್ಲಿಂದ ಒಂದು ಚಮಚ ಪುಡಿಯೂ ಬರುವುದಿಲ್ಲ. ಹೋಟೆಲಿನವರಿಗೆ ಅಂಗಡಿಯ ಪ್ಯಾಕೆಟ್ ಪುಡಿ ಹಾಕಿ ಸಾಂಬಾರು ಮಾಡಲಿಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಮುಕ್ತಾ
(ಸ್ವಂತ ಕೈಯಲ್ಲಿ)


ನೆರೂಳ
16 ಜುಲೈ 2024

ಮುಕ್ತಕ್ಕಾವ್ರಿಗೆ ರೇವಣಸಿದ್ದನ ಶರಣು ಶರಣಾರ್ಥಿ.

ಅಕ್ಕಾರ, ಈ ಕಾಗದ ನಾನು ಕದ್ದು ಬರ್ಯಾಕ ಹತ್ತೀನಿ. ಹಿಂದಿನ ಕಾಗದ ನನ್ನ ಕಚೇರಿ ಭಾಷಾದಾಗ ಬರೆದಿದ್ದೆ, ತಪ್ಪು ತಿಳೀಬ್ಯಾಡ್ರಿ. ಶೇಟ್ರು ಹೇಳಿಸಿದ್ರು, ನಾ ಬರದೆ. ಐರೋಲಿ ಹೋಟ್ಲದ ಮಾತು ಹೇಳುವಾಗ ಅವ್ರ ಮೂಗಿನ್ಯಾಗ ಆಕ್ಸಿಜನ್ ನಳಿ ಇತ್ರಿ. ಐರೋಲಿಯಾಗ ಯಾವ ಜಾಗಾನೂ ನೋಡಿಲ್ಲ. ಅವ್ರು ಇಲ್ಲಿ ನೆರೂಳಿನ ಆಸ್ಪತ್ರ್ಯಾಗ ಅದಾರ.

ಜೂನ್ ಮೊದಲ ವಾರ ಅವ್ರಿಗೆ ಎರಡು ದಿನ ಭೇದಿ ಆಗಿತ್ರಿ. ಹೊರಗ ಯಾರಿಗೂ ಗೊತ್ತಾಗಬಾರದು ಅಂದ್ರು. "ಹೋಟ್ಲ ಮಾಲಕಗ ಭೇದಿ ಅಂದ್ರ ನಾಳೆ ಯಾರು ಬರ್ತಾರಲೇ?" ಅಂತ ನನ್ನ ಬಾಯಿ ಮುಚ್ಚಿಸಿದ್ರು. ಅದು ಗುಣ ಆಗಿ ಹತ್ತು ದಿನಕ್ಕ ಪಾದದಾಗ ಇರುವಿ ಹರಿದಾಡಿದಂಗ ಶುರು ಆತು. ಹೊಸ ಚಪ್ಪಲಿ ಅಂದ್ರು. ಮುಂದ ಸ್ಟೇಷನ್ ಸೇತುವಿ ಮೆಟ್ಲ ಹತ್ತುವಾಗ ಕಾಲು ಮ್ಯಾಲ ಏಳಲಿಲ್ಲ. ಮೊಣಕಾಲು ನೋವು ಅಂದ್ರು. ಹತ್ತಿರದ ಡಾಕ್ಟರ ಕಡೆ ಕರಕೊಂಡು ಹೋದೆ. ಡಾಕ್ಟರು, "ಇತ್ತೀಚೆ ಹೊಟ್ಟಿ ಕೆಟ್ಟಿತ್ತೇನು?" ಅಂತ ಸರಿಯಾಗೇ ಕೇಳಿದ್ರು. ಅಲ್ಲಿ ನಮ್ಮ ಗಿರಾಕಿ ಇಬ್ರು ಕುಂತಿದ್ರು. ಶೇಟ್ರು ಎದಿ ಉಬ್ಬಿಸಿ, "ನಮಗೆಂಥ ಭೇದಿ? ನಾವು ಹೋಟೆಲಿನವರು!" ಅಂದ್ಬಿಟ್ರು. ನಾನೂ ಸುಮ್ಮನ ನಿಂತೆ, ಅಕ್ಕಾರ. ಅದು ನನ್ನ ತಪ್ಪು. ಡಾಕ್ಟರು ನಿಶ್ಶಕ್ತಿ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಹಂಗ ಎಂಟು ದಿನ ಹೋತು.

ಒಂಬತ್ತನೇ ದಿನ ಚಹಾದ ಗ್ಲಾಸು ಎತ್ತಾಕ ಆಗಲಿಲ್ಲ. ನಿಶಾ ಬಾಯಿ ಮತ್ತ ನಾನು ಕಾರಿನ್ಯಾಗ ಹಾಕ್ಕೊಂಡು ಇಲ್ಲಿಗೆ ತಂದ್ವಿ. ಸಂಜಿಗೆ ಉಸಿರಾಟಕ್ಕೂ ತ್ರಾಸ ಆತು. ಇಲ್ಲಿ ಅಶ್ಮಿತಾ ಅಂತ ನರರೋಗದ ಡಾಕ್ಟರು ಅದಾರ್ರಿ, ಉಡುಪಿ ಕಡಿ ಮಂದಿ, ಇಲ್ಲೇ ಹುಟ್ಟಿದವ್ರು. ಅವ್ರು ಕೇಳಿದಾಗ ನಾನು ಎಲ್ಲಾ ಹೇಳಿಬಿಟ್ಟೆ.

ಅವ್ರು ತಿಳಿಸಿ ಹೇಳಿದ್ದು ಹಿಂಗದ. ಹೊಟ್ಟ್ಯಾಗ ಹೊಕ್ಕ ರೋಗಾಣುವಿನ ಮೈಮ್ಯಾಲಿನ ಗುರುತೂ ನಮ್ಮ ನರದ ಮ್ಯಾಲಿನ ಹೊದಿಕಿ ಗುರುತೂ ಒಂದ ಥರ ಇರ್ತಾವಂತ. ರೋಗಾಣು ಹೊಡ್ಯಾಕ ಹೊಂಟ ರಕ್ತದೊಳಗಿನ ರಕ್ಷಣಾ ಕಣಗಳು, ಅದು ಸತ್ತ ಮ್ಯಾಲೂ ನಿಲ್ಲಲಿಲ್ಲ. ನರಾನೂ ವೈರಿ ಅಂತ ತಿಳದು ಅದರ ಹೊದಿಕಿ ಸುಲದು ಸುಲದು ತಿಂದ್ವು. ಜಿರಲಿ ಹೊಡ್ಯಾಕ ಬಂದ ಪೆಸ್ಟ್ ಕಂಟ್ರೋಲಿನವ್ರು ಕರೆಂಟ್ ತಂತಿ ಮ್ಯಾಲಿನ ಪ್ಲಾಸ್ಟಿಕ್ ಹರಿದು ಹೋದಂಗ ಆಗೈತ್ರಿ. ತಂತಿ ಐತಿ, ಕರೆಂಟ್ ಮುಂದ ಹೋಗವಲ್ದು. ಐದು ದಿನ ರಕ್ತನಾಳಕ್ಕ ಔಷಧ ಹಾಕಿ ಆ ಕಣಗಳ ಸಿಟ್ಟು ಇಳಿಸ್ಯಾರ. ಉಸಿರು ಈಗ ಛಲೋ ಅದ. ಹೊದಿಕಿ ಮತ್ತ ಬೆಳೀತದಂತ, ಆದ್ರ ತಿಂಗಳುಗಟ್ಟಲೆ ಬೇಕು. ದ್ವಾಸಿ ಹುಯ್ಯೋ ಕೈ ಪೂರ್ತಿ ತಿರುಗಿ ಬರ್ತದೋ ಇಲ್ಲೋ, ಈಗ ಹೇಳಾಕ ಆಗೂದಿಲ್ಲ ಅಂದ್ರು.

ಇನ್ನೊಂದು ಮಾತು. ಹಸಿ ಹಾಲಿನಿಂದ ಆ ರೋಗಾಣು ಬರಬಹುದು, ಖಾತ್ರಿ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟರು. ಗಿರಾಕಿಗಳಿಗೆ ಹೋಗೂದು ಕುದಿಸಿದ ಹಾಲು, ಅದಕ್ಕ ಅವ್ರಿಗೆ ಯಾರಿಗೂ ಏನೂ ಆಗಿಲ್ಲ. ಅದನ್ನ ಕೇಳಿದ ಕೂಡಲೇ ಶೇಟ್ರು ನನ್ನ ಕರದು, "ಹಾಲಿನ ಮಾತು ಅಕ್ಕನಿಗೆ ತಿಳಿದರೆ ನಿನ್ನ ನೌಕರಿ ಹೋಯಿತು" ಅಂದ್ರು. ಈಗ ನಿಮ್ಮ ಕೈಯಾಗ ನನ್ನ ನೌಕರಿ ಅದ.

ನಿಮ್ಮ
ರೇವಣಸಿದ್ದ


ಬ್ರಹ್ಮಾವರ
22 ಜುಲೈ 2024

ರೇವಣಸಿದ್ದನಿಗೆ ಮುಕ್ತಕ್ಕನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಓದಿ ಮುಗಿಸಿದಾಗ ಒಲೆಯ ಮೇಲೆ ಕೊತ್ತಂಬರಿ ಪೂರ್ತಿ ಸೀದಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿ. ಚಮಚ ಹಿಡಿದು ಅವನಿಗೆ ಆ ಹಾಲು ಕುಡಿಸಿದ ಕೈ ಇದೇ. ಅದನ್ನು ನಾನು ಈಗ ಯಾರಿಗೆ ಹೇಳಲಿ?

ನಿನ್ನ ನೌಕರಿ ಎಲ್ಲಿಗೂ ಹೋಗುವುದಿಲ್ಲ. ನನಗೆ ಗೊತ್ತಿದೆ ಎಂದು ಅವನಿಗೆ ಹೇಳಬೇಡ. ನಾನು ಅಲ್ಲಿಗೆ ಬಂದು ಹಾಸಿಗೆಯ ಪಕ್ಕ ಕೂತರೆ ಅವನು ಗೋಡೆಯ ಕಡೆಗೆ ತಿರುಗಿ ನಿದ್ದೆ ಬಂದವನ ಹಾಗೆ ಮಲಗುತ್ತಾನೆ. ಅಪ್ಪಯ್ಯ ಹೋದ ದಿನ ಅಯ್ಯೋ ಪಾಪ ಎಂದವರ ಮನೆಗೆ ಅವನು ಮತ್ತೆ ಕಾಲಿಟ್ಟಿಲ್ಲ. ಅವನಿಗೆ ಕನಿಕರ ತೋರಿಸಿದರೆ ಏಳುವುದಿಲ್ಲ. ಸಿಟ್ಟು ಬರಿಸಿದರೆ ಎದ್ದು ಬಂದು ಜಗಳವಾಡುತ್ತಾನೆ. ನಾನು ಅವನಿಗೆ ಸಿಟ್ಟು ಬರಿಸುತ್ತೇನೆ. ನೋಡಿದವರು ಕಲ್ಲು ಮನಸ್ಸಿನವಳು ಎನ್ನಲಿ.

ಪುಡಿ ಈ ಡಬ್ಬದಲ್ಲಿ ನಿನ್ನ ಹೆಸರಿಗೆ ಕಳಿಸಿದ್ದೇನೆ. ಹೋಟೆಲಿನ ಸಾಂಬಾರು ಒಂದು ದಿನವೂ ಕೆಡಬಾರದು. ಅವನಿಗೆ ಮಾತ್ರ ಅಕ್ಕ ಪುಡಿ ನಿಲ್ಲಿಸಿದ್ದಾಳೆ ಎಂದೇ ಹೇಳು. ಕೈ ಬೆರಳು ಎಷ್ಟು ಅಲುಗಿತು ಎಂದು ವಾರಕ್ಕೊಮ್ಮೆ ನನಗೆ ಬರೆ.

ಮುಕ್ತಕ್ಕ


ಡೊಂಬಿವಲಿ ಪೂರ್ವ
18 ಆಗಸ್ಟ್ 2024

ಪೂಜ್ಯ ಸಹೋದರಿಯವರಿಗೆ,

ತಮ್ಮ ಪತ್ರ ಓದಿ ತೀವ್ರ ಬೇಸರವಾಗಿರುತ್ತದೆ. ತಾವು ಪುಡಿ ನಿಲ್ಲಿಸಿದ್ದರಿಂದ ನಮ್ಮ ಹೋಟೆಲು ಮುಚ್ಚಿರುವುದಿಲ್ಲ. ಕಲ್ಯಾಣದಲ್ಲಿ ಪುಡಿಯ ಅಂಗಡಿಗಳು ಬೇಕಾದಷ್ಟಿರುತ್ತವೆ. ಗಿರಾಕಿಗಳು ಯಾರೂ ವ್ಯತ್ಯಾಸ ತಿಳಿದಿರುವುದಿಲ್ಲ ಎಂದು ಕ್ಯಾಷಿಯರ್ ವರದಿ ಮಾಡಿರುತ್ತಾರೆ. ತಮ್ಮ ಪುಡಿಯ ಬಗ್ಗೆ ತಮಗಿರುವ ಜಂಬ ಕಡಿಮೆ ಮಾಡಿಕೊಳ್ಳುವುದು. ಸ್ವಂತ ಕೈಯಲ್ಲೇ ಬರೆಯಬೇಕೆಂಬ ಹಠಕ್ಕೆ ಉತ್ತರ ಕೆಳಗಿದೆ.

ಮು


ಬ್ರಹ್ಮಾವರ
27 ಆಗಸ್ಟ್ 2024

ಮುರಾರಿ,

ಕೆಳಗೆ ಏನೋ ಒಂದು ಕಂಡಿತು. ಕನ್ನಡಕ ಒರೆಸಿ ನೋಡಿದೆ. "ಮು"ವೋ, ಜಿರಳೆ ಶಾಯಿಯಲ್ಲಿ ಬಿದ್ದು ಎದ್ದು ಹೋದದ್ದೋ ತಿಳಿಯಲಿಲ್ಲ. ಕೆಲಸದ ಹೆಂಗಸರಿಗೂ ತೋರಿಸಿದೆ. ಇಬ್ಬರು ಅಕ್ಷರ ಎಂದರು, ಇಬ್ಬರು ಜಿರಳೆ ಎಂದರು.

ಒಂದು ಅಕ್ಷರಕ್ಕೆ ಪುಡಿ ಬರುವುದಿಲ್ಲ. ನಿನ್ನ ಹೆಸರಿನಲ್ಲಿ ಮೂರು ಅಕ್ಷರ ಉಂಟು, ಮರೆತಿದ್ದರೆ ಹೇಳಿದ್ದೇನೆ. ಮತ್ತೆ, ನನ್ನ ಪುಡಿಗೂ ಅಂಗಡಿಯ ಪುಡಿಗೂ ವ್ಯತ್ಯಾಸ ತಿಳಿಯದ ಗಿರಾಕಿಗಳನ್ನು ಇಟ್ಟುಕೊಂಡು ನೀನು ಇಷ್ಟು ವರ್ಷ ಏನು ಹೋಟೆಲು ನಡೆಸಿದೆ?

ಮುಕ್ತಾ


ಡೊಂಬಿವಲಿ
6 ಅಕ್ಟೋಬರ್ 2024

ಅಕ್ಕ,

ಇದು ನನ್ನ ಕೈ. ಒಂಬತ್ತು ದಿನ ಬರೆದೆ. ದಿನಕ್ಕೆ ಒಂದು ಸಾಲು.

ನನಗೆ ಕಾಯಿಲೆ ಆಗಿತ್ತು. ಕಾಲು ಹೋಗಿತ್ತು, ಕೈ ಹೋಗಿತ್ತು. ಈಗ ವಾಕರ್ ಹಿಡಿದು ಬಾಲ್ಕನಿಯವರೆಗೆ ಹೋಗುತ್ತೇನೆ. ಪೆನ್ನಿಗೆ ನಿಶಾ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟಳು.

ನಾನು ದೊಡ್ಡವನಾಗಿ ಗುಮಾಸ್ತನ ಕೈಯಲ್ಲಿ ಬರೆಸಿದ್ದಲ್ಲ. ನೀನು ಹಾಗೆ ತಿಳಿದೆಯಲ್ಲ, ಅದು ಬಹಳ ನೋಯಿತು.

ಈಗ ಪುಡಿ ಕಳಿಸು.

ಮುರಾರಿ


ಬ್ರಹ್ಮಾವರ
14 ಅಕ್ಟೋಬರ್ 2024

ನನ್ನ ಮುರಾರಿಗೆ,

ನಿನ್ನ ಕಾಗದ ಬಂತು. ಡಬ್ಬದ ಮುಂದೆ ನೆಲದ ಮೇಲೆಯೇ ಕೂತು ಓದಿ ಅತ್ತೆ. ಎದ್ದು ಮುಖ ತೊಳೆದು, ಅದನ್ನು ಹಿಡಿದುಕೊಂಡು ಪೋಸ್ಟ್ ಆಫೀಸಿನವರೆಗೆ ಹೋದೆ. ಪೋಸ್ಟ್ ಆಫೀಸಿನಲ್ಲಿ ನನಗೆ ಏನೂ ಕೆಲಸ ಇರಲಿಲ್ಲ. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದೆ. "ನನ್ನ ತಮ್ಮ ಬರೆದದ್ದು, ಸ್ವಂತ ಕೈಯಲ್ಲಿ" ಎಂದೆ. ಅಕ್ಷರ ಸೊಟ್ಟ ಉಂಟಲ್ಲ ಎಂದಳು ಒಬ್ಬಳು. ಅವಳಿಗೆ ಇನ್ನು ಈ ಜನ್ಮದಲ್ಲಿ ನಮ್ಮ ಮನೆಯ ಉಪ್ಪಿನಕಾಯಿ ಇಲ್ಲ.

ಈಗ ನೀನು ಸಿಟ್ಟು ಮಾಡಿಕೊಳ್ಳುವ ಮಾತು. ನನಗೆ ಜುಲೈಯಲ್ಲೇ ಎಲ್ಲ ಗೊತ್ತಿತ್ತು. ರೇವಣಸಿದ್ದ ಬರೆದ. ಅವನಿಗೆ ಒಂದು ಮಾತು ಅಂದರೆ ನನ್ನ ಮೇಲಾಣೆ. ಪುಡಿಯೂ ನಿಂತಿರಲಿಲ್ಲ, ಅವನ ಹೆಸರಿಗೆ ಬರುತ್ತಿತ್ತು. ನಿನ್ನ ಗಿರಾಕಿಗಳಿಗೆ ವ್ಯತ್ಯಾಸ ತಿಳಿಯದಿದ್ದುದು ಅದಕ್ಕೆ. ನಿನ್ನನ್ನು ಬೈದು ಬರೆದ ಒಂದೊಂದು ಕಾಗದ ಡಬ್ಬಕ್ಕೆ ಹಾಕಿದ ದಿನವೂ ನನಗೆ ಊಟ ಸೇರಲಿಲ್ಲ. ಆದರೆ ಆ "ಮು" ಬಂತಲ್ಲ, ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದೇನೆ.

ಹಾಲಿನದ್ದೂ ಗೊತ್ತು. ಕಲಿಸಿದವಳು ನಾನು. ನನ್ನಿಂದಲೇ ಆಯಿತೇನೋ ಮುರಾರಿ. ಇದನ್ನು ಬರೆಯಲು ನನಗೂ ಬಹಳ ದಿನ ಹಿಡಿಯಿತು.

ಒಂದು ಕೇಳುತ್ತೇನೆ. ನೀನು ಹೋಟೆಲಿಗೆ ಹೋಗಿ ಕೂತ ದಿನ, ಏನಾಗಿತ್ತು ಶೇಟ್ ಎಂದು ಜನ ಕೇಳುತ್ತಾರೆ. ಆಗ ಇದ್ದದ್ದು ಇದ್ದ ಹಾಗೆ ಹೇಳು. ಭೇದಿಯಾಗಿತ್ತು, ಮುಚ್ಚಿಟ್ಟೆ, ಎಂಟು ದಿನ ಕಳೆದುಕೊಂಡೆ ಎಂದು ಹೇಳು. ನಿನ್ನ ಹಾಗೆ ಮುಚ್ಚಿಟ್ಟುಕೊಳ್ಳುವವರು ಇನ್ನೆಷ್ಟು ಜನ ಇದ್ದಾರೋ.

ಅಕ್ಕ


ಡೊಂಬಿವಲಿ ಪೂರ್ವ
3 ನವೆಂಬರ್ 2024

ಮುಕ್ತಕ್ಕ,

ನೀವಿಬ್ಬರೂ ಸೇರಿ ನನ್ನನ್ನು ಚೆನ್ನಾಗಿ ಮಂಗ ಮಾಡಿದಿರಿ! ರೇವಣಸಿದ್ದನನ್ನು ಎದುರು ನಿಲ್ಲಿಸಿ ಕೇಳಿದೆ. "ಹೌದ್ರಿ ಶೇಟ್ರ, ಬರದೆ. ಏನ್ ಮಾಡ್ತೀರಿ ಮಾಡ್ರಿ" ಎಂದು ಎದೆ ಕೊಟ್ಟು ನಿಂತ. ನಿನ್ನ ಆಣೆ ಇದೆಯೆಂದು ಬಿಟ್ಟೆ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೇ ದಿನ ಅವನಿಲ್ಲದೆ ಸ್ನಾನದ ಕೋಣೆಗೆ ಹೋಗಲಾಗದೆ ಮಾತಾಡಿದೆ.

ಸಿಟ್ಟು ಬಂದದ್ದು ನಿಜ. ನೀನು "ಜಿರಳೆ" ಎಂದು ಬರೆದದ್ದನ್ನು ಗೋಡೆಗೆ ಅಂಟಿಸಿಕೊಂಡು ವ್ಯಾಯಾಮ ಮಾಡಿದ್ದೇನೆ. ವ್ಯಾಯಾಮ ಮಾಡಿಸಲು ಬರುವವನು, "ಕಾಕಾ, ಇತ್ನಾ ಗುಸ್ಸಾ ಕಿಸ್ ಪೇ?" ಎಂದು ಕೇಳುತ್ತಿದ್ದ. ಸಿಟ್ಟು ನನ್ನ ಅಕ್ಕನ ಮೇಲೆ ಎನ್ನುತ್ತಿದ್ದೆ.

ಹಾಲಿನ ಮಾತು ಬಿಡು. ನೀನು ಕಲಿಸಿದ್ದು ಎಂಟು ವರ್ಷದ ಹುಡುಗನಿಗೆ. ಆ ಚಮಚದಲ್ಲಿ ಇದ್ದದ್ದು ನಮ್ಮದೇ ಕೊಟ್ಟಿಗೆಯ ಎಮ್ಮೆಯ ಹಾಲು. ಊರೆಲ್ಲ ಸುತ್ತಿ ಬಂದ ಕ್ಯಾನಿಗೆ ಐವತ್ತೆಂಟರ ಪ್ರಾಯದಲ್ಲಿ ಅದನ್ನೇ ಮಾಡಿದವನು ನಾನು, ಬುದ್ಧಿ ಬೇಡವೇ? ಇದನ್ನು ನಿನ್ನಿಂದ ಮುಚ್ಚಿಟ್ಟದ್ದು ಇದಕ್ಕೇ, ನೀನು ಕೂತು ಅಳುತ್ತಿ ಎಂದು. ಅತ್ತಿಯಲ್ಲ. ಸಾಕು. ಈಗ ನಾನೂ ಮೀಟರು ತಂದಿದ್ದೇನೆ.

ಅಶ್ಮಿತಾ ಡಾಕ್ಟರು ಮೊನ್ನೆ ನನ್ನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು, "ವ್ಹಾ! ಆಲಾ, ಆಲಾ!" ಬಂತು, ಬಂತು ಎಂದು ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಸುತ್ತಿಗೆಗೆ ಜಗ್ಗದಿದ್ದ ಕಾಲು ಒದೆಯಿತು. ನನ್ನದೇ ರಕ್ತದ ಕಣಗಳು ನನ್ನದೇ ನರವನ್ನು ಯಾಕೆ ಹೊಡೆದವು ಎಂದು ಕೇಳಿದೆ. ಅವಕ್ಕೆ ದ್ವೇಷವಿಲ್ಲ ಕಾಕಾ, ಗುರುತು ತಪ್ಪಿತು ಅಷ್ಟೆ ಎಂದು ಮರಾಠಿಯಲ್ಲಿ ಹೇಳಿದರು. ಎಂಥ ಪೆಟ್ಟು ಕೊಟ್ಟಿವೆ ನೋಡು! ನನ್ನ ಮೈಯ ಕಾವಲಿನವರು ಅಷ್ಟು ಜೋರು ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಆದರೆ ನೀನು ಕೇಳಿದ್ದು ನನ್ನಿಂದಾಗುವುದಿಲ್ಲ. ಗಿರಾಕಿಗಳ ಮುಂದೆ ಭೇದಿಯ ಮಾತು ಎತ್ತಿದರೆ ಹೋಟೆಲಿನ ಹೆಸರು ಒಂದು ವಾರದಲ್ಲಿ ಹೋಗುತ್ತದೆ. ಕುದಿಸಿದ ಹಾಲು, ಹಸಿ ಹಾಲು ಎಂದು ಯಾರು ಕೂತು ಕೇಳುತ್ತಾರೆ? ಎಲ್ಲರಿಗೂ ಸೊಂಟದ ಆಪರೇಷನ್ ಎಂದು ಹೇಳಿಸಿದ್ದೇನೆ. ಹಾಗೇ ಇರಲಿ.

ಮುರಾರಿ


ಬ್ರಹ್ಮಾವರ
13 ನವೆಂಬರ್ 2024

ಮುರಾರಿ,

ಹೋಟೆಲು ನಿನ್ನದು, ಹೆಸರು ನಿನ್ನದು. ಇನ್ನು ಈ ಮಾತು ನಾನು ಎತ್ತುವುದಿಲ್ಲ.

ಇಷ್ಟು ಮಾತ್ರ ಹೇಳುತ್ತೇನೆ. ಊರಿನಲ್ಲಿ ನಿನ್ನ ಬಗ್ಗೆ ನಾನು ಎದೆ ಸೆಟೆಸಿ ಮಾತಾಡುವುದು ನಿನ್ನ ಹೋಟೆಲಿಗಾಗಿ ಎಂದು ನೀನು ತಿಳಿದಿದ್ದರೆ ಅದು ತಪ್ಪು.

ಪುಡಿಯ ಜೊತೆ ಹುರುಳಿ ಕಳಿಸಿದ್ದೇನೆ. ಕಟ್ಟು ಮಾಡಿಸಿ ಕುಡಿ, ಕಾಲಿಗೆ ಬಲ ಬರುತ್ತದೆ.

ಅಕ್ಕ


ಡೊಂಬಿವಲಿ ಪೂರ್ವ
2 ಫೆಬ್ರವರಿ 2025, ಭಾನುವಾರ

ಮುಕ್ತಕ್ಕ,

ಡಬ್ಬ ಬಸ್ಸಿಗೆ ಹೋಗುವುದು ನಾಳೆ. ಆದರೆ ಇದನ್ನು ಈಗಲೇ ಬರೆಯದಿದ್ದರೆ ನನಗೆ ಊಟ ಇಳಿಯುವುದಿಲ್ಲ. ಈಗಷ್ಟೇ ಅಶ್ಮಿತಾ ಡಾಕ್ಟರು ಫೋನ್ ಮಾಡಿದ್ದರು. "ಕಾಕಾ, ಸರಿಯಾದ ಹೊತ್ತಿಗೆ ಕಳಿಸಿದಿರಿ. ಕಾಲಿಗೆ ಹಿಡಿದು ಮೂರನೇ ದಿನ ಅಷ್ಟೆ. ಇನ್ನೂ ತಮ್ಮ ಕಾಲ ಮೇಲೆ ನಡೆದುಕೊಂಡೇ ಬಂದಿದ್ದಾರೆ" ಎಂದರು. ಯಾರನ್ನು ಕಳಿಸಿದೆ ಎಂದು ಹೇಳುತ್ತೇನೆ ಕೇಳು.

ಒಂದು ತಿಂಗಳಿಂದ ಗಲ್ಲಾದಲ್ಲಿ ಕೂರುತ್ತಿದ್ದೇನೆ, ಪಕ್ಕದಲ್ಲಿ ಕೋಲು ಇಟ್ಟುಕೊಂಡು. ನೋಟು ಎಣಿಸುವುದು, ನಾಲ್ಕು ಹೆಜ್ಜೆ ನಡೆಯುವುದು ಆಗುತ್ತದೆ. ತಟ್ಟೆ ಲೋಟ ಎತ್ತುವುದಕ್ಕೆ ಮಾತ್ರ ನನಗೆ ಧೈರ್ಯ ಬಂದಿರಲಿಲ್ಲ. ನಾಲ್ಕು ಜನರ ಎದುರು ಕೈ ನಡುಗಿದರೆ ಏನು ಮರ್ಯಾದೆ? ಇವತ್ತು ಬೆಳಿಗ್ಗೆ ಹೋಟೆಲು ತುಂಬಿತ್ತು. ಪುಣೆಯಲ್ಲಿ ನನಗೆ ಬಂದ ಕಾಯಿಲೆಯೇ ಬಹಳ ಜನರಿಗೆ ಬಂದಿದೆಯಂತೆ, ಹತ್ತು ದಿನದಿಂದ ಪೇಪರಿನಲ್ಲಿ ಅದೇ ಸುದ್ದಿ. ಎಲ್ಲ ಟೇಬಲಿನಲ್ಲೂ ಅದೇ ಮಾತು. ನಾನು ಕಿವಿಯಿಲ್ಲದವನ ಹಾಗೆ ಕೂತಿದ್ದೆ.

ನಮ್ಮಲ್ಲಿ ದಿನಾ ಬರುವ ಅಂಬರೀಶ ಎಂಬವರಿದ್ದಾರೆ. ಪಕ್ಕದ ದಿವಾದಲ್ಲಿ ಮನೆ, ಇಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ, ನಲವತ್ತರ ಪ್ರಾಯ. ಗಲ್ಲಾದ ಪಕ್ಕದ ಟೇಬಲಿನಲ್ಲಿ ಕೂತು ಚಪ್ಪಲಿ ಬಿಟ್ಟು ಒಂದು ಪಾದದಿಂದ ಇನ್ನೊಂದು ಪಾದವನ್ನು ಉಜ್ಜಿಕೊಳ್ಳುತ್ತಿದ್ದರು. "ಎಂತ ಆಯ್ತು?" ಎಂದು ಕೇಳಿದೆ. "ಏನಿಲ್ಲ ಶೇಟ್, ಇರುವೆ ಹರಿದ ಹಾಗೆ ಆಗ್ತದೆ. ಹೊಸ ಚಪ್ಪಲಿ" ಎಂದರು. ಅಕ್ಕ, ನಾನು ಹೇಳಿದ್ದೂ ಅದೇ ಮಾತು. ಬಗ್ಗಿ ಮೆಲ್ಲಗೆ, "ಹೊಟ್ಟೆ ಕೆಟ್ಟಿತ್ತಾ?" ಎಂದು ಕೇಳಿದೆ. ಅವರು ಅತ್ತ ಇತ್ತ ನೋಡಿ ಜೋರಾಗಿ ನಕ್ಕು, "ಛೆ ಛೆ, ನಮಗೆಂಥದ್ದು!" ಎಂದರು. ನಾನೂ ಡಾಕ್ಟರ ಮುಂದೆ ಹೀಗೇ ನಕ್ಕಿದ್ದೆ.

ನಾಚಿಕೆ ಅವರಿಗೆ. ಮೆಲ್ಲಗೆ ಕೇಳಿದರೆ ಮೆಲ್ಲಗೆ ಸುಳ್ಳು ಹೇಳಿ ಎದ್ದು ಹೋಗುತ್ತಾರೆ. ನಾನು ಕೋಲು ಹಿಡಿದು ಎದ್ದು ನಿಂತೆ. ಹೋಟೆಲಿಗೆಲ್ಲ ಕೇಳುವ ಹಾಗೆ ಹೇಳಿದೆ, ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿ. "ನನಗೆ ಆದದ್ದು ಸೊಂಟದ ಆಪರೇಷನ್ ಅಲ್ಲ. ನನಗೆ ಜೂನಿನಲ್ಲಿ ಭೇದಿ ಆಗಿತ್ತು. ಈ ಹೋಟೆಲಿನ ಮಾಲಕನಿಗೆ, ನನಗೇ. ಹಸಿ ಹಾಲು ಕುಡಿಯುತ್ತಿದ್ದೆ, ಅದರಿಂದ ಇರಬಹುದು ಎಂದರು ಡಾಕ್ಟರು. ನಾಚಿಕೆಯಿಂದ ಮುಚ್ಚಿಟ್ಟೆ. ಆಮೇಲೆ ಪಾದದಲ್ಲಿ ಇರುವೆ ಹರಿದಾಡಿತು, ಚಪ್ಪಲಿ ಎಂದೆ. ಎಂಟು ದಿನ ಸುಳ್ಳು ಹೇಳಿದೆ. ಅಷ್ಟರಲ್ಲಿ ಕಾಲು ಹೋಯಿತು, ಕೈ ಹೋಯಿತು, ಉಸಿರು ಹೋಗುವುದೊಂದು ಬಾಕಿ ಇತ್ತು. ಯಾರಿಗೆ ಹೀಗೆ ಆಗಿದೆಯೋ ಇವತ್ತೇ ಡಾಕ್ಟರ ಹತ್ತಿರ ಹೋಗಿ, ಬಾಯಿ ಬಿಟ್ಟು ಹೇಳಿ."

ಅಂಬರೀಶರು ಚಪ್ಪಲಿಯೊಳಗೆ ಕಾಲು ತೂರಿಸಿದರು. "ಹೋದ ವಾರ ಮೂರು ದಿನ ಆಗಿತ್ತು ಶೇಟ್. ನಿನ್ನೆಯಿಂದ ಮೆಟ್ಟಿಲು ಹತ್ತಲಿಕ್ಕೆ ಆಗ್ತಾ ಇಲ್ಲ" ಎಂದರು. ರೇವಣಸಿದ್ದ ಗಲ್ಲಾಕ್ಕೆ ಬೀಗ ಹಾಕಿ, ನನ್ನನ್ನು ಒಂದು ಮಾತೂ ಕೇಳದೆ, ಅವರನ್ನು ಕರೆದುಕೊಂಡು ನೆರೂಳಿಗೆ ಹೊರಟ.

ಅವರು ಹೋದ ಮೇಲೆ ನಾನು ಹಾಗೇ ನಿಂತಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇನ್ನು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಮುಗಿಯಿತು ಇಷ್ಟು ವರ್ಷದ ಹೆಸರು ಎಂದುಕೊಂಡೆ. ಒಬ್ಬರು ಕುರ್ಚಿ ಹಿಂದೆ ಸರಿಸಿದ ಸದ್ದೂ ಕೇಳಿತು. ನೀರು ತೆಗೆದುಕೊಳ್ಳಲು ಎದ್ದದ್ದು. ಆಗ ಮೂಲೆಯ ಟೇಬಲಿನಿಂದ, ಶಾಲೆಯಲ್ಲಿ ಮಾಸ್ತರರಾಗಿದ್ದ ಒಬ್ಬ ಮುದುಕರು ತಟ್ಟೆ ಮುಂದಕ್ಕೆ ತಳ್ಳಿ, "ಶೇಟ್, ಅಜೂನ್ ದೋನ್ ಇಡ್ಲಿ ದ್ಯಾ. ಸಾಂಬಾರ್ ಜರಾ ಜಾಸ್ತ" ಎಂದು ಇನ್ನೆರಡು ಇಡ್ಲಿ ಕೇಳಿದರು.

ಹುಡುಗರು ಯಾರಾದರೂ ತಂದುಕೊಡುತ್ತಿದ್ದರು. ನಾನು ಬೇಡ ಎಂದೆ. ಕೋಲನ್ನು ಗಲ್ಲಾಕ್ಕೆ ಒರಗಿಸಿ, ಇಡ್ಲಿಯ ತಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು, ಸಾಂಬಾರು ಅಂಚಿನವರೆಗೆ ತುಂಬಿಸಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಅಕ್ಕ, ಒಂದು ತೊಟ್ಟೂ ಚೆಲ್ಲಲಿಲ್ಲ.

ಮುರಾರಿ